ಕಟಕಟೆಗೆ ಬಂದ ವಿಧಿ 19

ಸಂವಿಧಾನದ ಪೇಪರ್ ನಾವೆಲ್ಲ ಬರೆದು ಮುಗಿಸಿದ್ದೇವೆ. ಒಂದು ಕ್ರೆಡಿಟ್, ನಾಲ್ಕು ಆಯ್ಕೆಯ ಪ್ರಶ್ನೆಗಳು, ಹಿಂದಿನ ರಾತ್ರಿ ಗ್ರೂಪಿಗೆ ಬಂದ ಪಿಡಿಎಫ್. ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ಯಾವ ವಿಧಿಯಲ್ಲಿದೆ ಅಂತ ಕೇಳಿದರೆ 19(1)(ಎ) ಅಂತ ನಿದ್ದೆಗಣ್ಣಲ್ಲೂ ಟಿಕ್ ಹಾಕ್ತೀವಿ. ಆದರೆ "ಮೆಸ್ ಸಾಂಬಾರ್ ಬಗ್ಗೆ ಮೀಮ್ ಹಾಕಿದ್ರೆ ನನ್ನನ್ನ ಹಾಸ್ಟೆಲಿಂದ ಆಚೆ ಹಾಕಬಹುದಾ?" ಅಂತ ಯಾರಾದರೂ ಕೇಳಿದರೆ ಆ ಪಿಡಿಎಫ್‌ನಲ್ಲಿ ಉತ್ತರ ಇಲ್ಲ. ಗೂಗಲ್ ಮಾಡಿದರೆ ಒಬ್ಬ "ಖಂಡಿತ ಹಾಕಬಹುದು" ಅಂತಾನೆ, ಇನ್ನೊಬ್ಬ "ಅದು ನಿನ್ನ ಮೂಲಭೂತ ಹಕ್ಕು" ಅಂತಾನೆ. ಇಬ್ಬರೂ ಅವತ್ತು ಏನೇನು ನಡೀತು ಅಂತ ಕೇಳೋದಿಲ್ಲ.

ಈ ಲೇಖನ ಇರೋದು ಅದರ ಬಗ್ಗೆಯೇ. ವಿದ್ಯಾರ್ಥಿಗಳ ಮಾತಿನ ಹಕ್ಕನ್ನು ಕಲಿಯೋಕೆ ಭಾಷಣಕ್ಕಿಂತ ಅಣಕು ವಿಚಾರಣೆ ಯಾಕೆ ಒಳ್ಳೆ ದಾರಿ, ಅದನ್ನು ಲಾ ಕಾಲೇಜಿನವರಲ್ಲದ ನಾವು ಹೇಗೆ ಮಾಡಬಹುದು ಅಂತ. ಈ ಸೆಮಿಸ್ಟರ್‌ನಲ್ಲಿ ಶನಿವಾರ ಮಧ್ಯಾಹ್ನ ಖಾಲಿ ಬಿದ್ದಿದ್ದ ಡ್ರಾಯಿಂಗ್ ಹಾಲ್‌ನಲ್ಲಿ ನಮ್ಮ ಕನ್ನಡ ಸಂಘ ಹೀಗೆ ಮೂರು ವಿಚಾರಣೆ ನಡೆಸಿತು, ಮೂರನ್ನೂ ಕನ್ನಡದಲ್ಲೇ. ಡ್ರಾಫ್ಟರ್ ಟೇಬಲ್ಲೇ ಕಟಕಟೆ.

ಮೊದಲು ಒಂದು ವ್ಯತ್ಯಾಸ ಹೇಳಿಬಿಡ್ತೀವಿ. ಲಾ ಕಾಲೇಜುಗಳಲ್ಲಿ ಹೆಚ್ಚು ನಡೆಯೋದು ಮೂಟ್ ಕೋರ್ಟ್. ಅಲ್ಲಿ ನಡೆದದ್ದೇನು ಅನ್ನೋದು ಮೊದಲೇ ತೀರ್ಮಾನ ಆಗಿರುತ್ತೆ. ವಕೀಲರು ಮೇಲ್ಮನವಿ ಕೋರ್ಟಿನಲ್ಲಿ ನಿಂತು ಕಾನೂನು ಏನು ಹೇಳುತ್ತೆ ಅಂತ ಮಾತ್ರ ವಾದಿಸ್ತಾರೆ, ಸಾಕ್ಷಿಗಳು ಇರೋದಿಲ್ಲ. ಮಾಕ್ ಟ್ರಯಲ್ ಬೇರೆ. ಇಲ್ಲಿ ಸಾಕ್ಷಿ ಬರ್ತಾರೆ, ಪ್ರಮಾಣ ಮಾಡ್ತಾರೆ, ಅವರ ವಕೀಲರು ಮುಖ್ಯ ವಿಚಾರಣೆ ಮಾಡ್ತಾರೆ, ಎದುರಿನವರು ಪಾಟೀ ಸವಾಲು ಮಾಡ್ತಾರೆ. ಏನು ನಡೀತು ಅನ್ನೋದೇ ಇಲ್ಲಿ ಜಗಳ. ಕನ್ನಡದಲ್ಲಿ ಎರಡಕ್ಕೂ 'ಅಣಕು ನ್ಯಾಯಾಲಯ' ಅಂತಲೇ ಹೇಳಿಬಿಡೋದರಿಂದ ಗೊಂದಲ ಆಗುತ್ತೆ. ನಾವು ಎರಡನೆಯದನ್ನು ಅಣಕು ವಿಚಾರಣೆ ಅಂತ ಕರೀತಾ ಇದ್ದೀವಿ.

ಮಾತಿನ ಹಕ್ಕಿಗೂ ಸಾಕ್ಷಿಗೂ ಏನು ಸಂಬಂಧ? ಇದಕ್ಕೆ ನಮಗೆ ಸಿಕ್ಕ ಅತಿ ಒಳ್ಳೆ ಉದಾಹರಣೆ ಅಮೆರಿಕದ ಮಿಸಿಸಿಪ್ಪಿಯ ಎರಡು ಕೇಸುಗಳು. ಎರಡೂ 1966ರಲ್ಲಿ, ಒಂದೇ ಮೇಲ್ಮನವಿ ನ್ಯಾಯಾಲಯದಲ್ಲಿ, ಒಂದೇ ದಿನ ತೀರ್ಮಾನವಾದವು. ಎರಡರಲ್ಲೂ ಕಪ್ಪು ವಿದ್ಯಾರ್ಥಿಗಳು ಮತದಾನದ ಹಕ್ಕು, ನಾಗರಿಕ ಹಕ್ಕುಗಳ ಹೋರಾಟಕ್ಕೆ ಬೆಂಬಲವಾಗಿ ಬ್ಯಾಡ್ಜ್ ಹಾಕಿಕೊಂಡು ಶಾಲೆಗೆ ಬಂದಿದ್ದರು. ಎರಡರಲ್ಲೂ ಶಾಲೆ ಬೇಡ ಅಂದಿತ್ತು. ಬರ್ನ್‌ಸೈಡ್ ಅನ್ನೋ ಕೇಸಿನಲ್ಲಿ ಮಕ್ಕಳು ಬ್ಯಾಡ್ಜ್ ಹಾಕಿಕೊಂಡು ಸುಮ್ಮನೆ ಪಾಠ ಕೇಳಿದ್ದರು, ಅವರು ಗೆದ್ದರು. ಬ್ಲ್ಯಾಕ್‌ವೆಲ್ ಅನ್ನೋ ಕೇಸಿನಲ್ಲಿ ಕೆಲವರು ಬೇಡ ಅಂದವರಿಗೂ ಬ್ಯಾಡ್ಜ್ ಚುಚ್ಚಿದ್ದರು, ಕಿಟಕಿಯಿಂದ ಒಳಗೆ ಎಸೆದಿದ್ದರು, ಹಾಲ್‌ಗಳಲ್ಲಿ ಗಲಾಟೆ ಆಗಿತ್ತು, ಅಲ್ಲಿ ಶಾಲೆ ಗೆದ್ದಿತು. ಅದೇ ಕಾನೂನು, ಅದೇ ಥರದ ಬ್ಯಾಡ್ಜ್. ಬದಲಾದದ್ದು ಕಾರಿಡಾರ್‌ನಲ್ಲಿ ನಡೆದದ್ದು ಮಾತ್ರ. ಅಂದ ಮೇಲೆ ಕಾರಿಡಾರ್‌ನಲ್ಲಿ ಏನು ನಡೀತು ಅಂತ ಪತ್ತೆ ಮಾಡೋಕೆ ಬರದಿದ್ದರೆ ಈ ಹಕ್ಕು ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಅನ್ನೋದೂ ಗೊತ್ತಾಗೋದಿಲ್ಲ.

ನಮ್ಮ ಮೊದಲ ವಿಚಾರಣೆ ಟಿಂಕರ್ ವರ್ಸಸ್ ಡಿ ಮಾಯ್ನ್. (ಐಯೊವಾ ರಾಜ್ಯದ ಊರು ಅದು. ಸ್ಪೆಲಿಂಗ್‌ನಲ್ಲಿರೋ ಎರಡು 'ಎಸ್'ಗಳಲ್ಲಿ ಒಂದನ್ನೂ ಉಚ್ಚರಿಸಬಾರದಂತೆ.) ಇದನ್ನೇ ಆರಿಸೋಕೆ ಕಾರಣ, ಇದು ಕೆಳಗಿನ ಕೋರ್ಟಿನಲ್ಲಿ ನಿಜವಾಗಿಯೂ ಸಾಕ್ಷಿಗಳೊಂದಿಗೆ ವಿಚಾರಣೆ ಆದ ಕೇಸು. 1965ರ ಡಿಸೆಂಬರ್‌ನಲ್ಲಿ ವಿಯೆಟ್ನಾಂ ಯುದ್ಧದ ವಿರುದ್ಧ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಬರಬೇಕು ಅಂತ ಕೆಲವು ಮಕ್ಕಳು, ಅವರ ಪೋಷಕರು ಮಾತಾಡಿಕೊಂಡಿದ್ದರು. ಸುದ್ದಿ ಪ್ರಿನ್ಸಿಪಾಲರುಗಳಿಗೆ ಗೊತ್ತಾಗಿ ಡಿಸೆಂಬರ್ 14ರಂದೇ ಅವರು ನಿಯಮ ಮಾಡಿದರು: ಪಟ್ಟಿ ಕಟ್ಟಿಕೊಂಡು ಬಂದರೆ ತೆಗೆಯಲು ಹೇಳಬೇಕು, ತೆಗೆಯದಿದ್ದರೆ ಸಸ್ಪೆಂಡ್. ಹದಿಮೂರು ವರ್ಷದ ಮೇರಿ ಬೆತ್ ಟಿಂಕರ್, ಅವಳ ಅಣ್ಣ ಜಾನ್, ಅವನ ಗೆಳೆಯ ಕ್ರಿಸ್ಟೊಫರ್ ಎಕಾರ್ಟ್ ಕಟ್ಟಿಕೊಂಡು ಬಂದರು, ಮನೆಗೆ ಕಳಿಸಲ್ಪಟ್ಟರು. ಆ ಶಾಲಾ ವ್ಯವಸ್ಥೆಯಲ್ಲಿ 18,000 ವಿದ್ಯಾರ್ಥಿಗಳಿದ್ದರು, ಸಸ್ಪೆಂಡ್ ಆದವರು ಐದು ಜನ. ಕೆಳಗಿನ ಕೋರ್ಟು ಶಾಲೆಯ ಪರ ನಿಂತಿತು, ಮೇಲ್ಮನವಿ ಕೋರ್ಟು ಸಮನಾಗಿ ಒಡೆಯಿತು, ಕೊನೆಗೆ 1969ರ ಫೆಬ್ರವರಿ 24ರಂದು ಅಮೆರಿಕದ ಸುಪ್ರೀಂ ಕೋರ್ಟು 7–2ರಲ್ಲಿ ಮಕ್ಕಳ ಪರ ತೀರ್ಪು ಕೊಟ್ಟಿತು. ಶಾಲೆಯ ಗೇಟಿನ ಹತ್ತಿರ ಯಾರೂ ತಮ್ಮ ಹಕ್ಕನ್ನು ಕಳಚಿಟ್ಟು ಒಳಗೆ ಬರೋದಿಲ್ಲ ಅನ್ನೋ ಅರ್ಥದ ಮಾತು ಬಂದದ್ದು ಆ ತೀರ್ಪಿನಲ್ಲೇ, ಬರೆದವರು ನ್ಯಾಯಮೂರ್ತಿ ಏಬ್ ಫೋರ್ಟಸ್. ಆದರೆ ಪಾಠಕ್ಕೆ ಬೇಕಾದದ್ದು ಆ ಚಂದದ ಸಾಲಲ್ಲ, ಅದರ ಪಕ್ಕದಲ್ಲಿರೋ ಅಳತೆಗೋಲು: ಶಾಲೆಯ ಕೆಲಸಕ್ಕೆ ಗಣನೀಯವಾದ ಅಡ್ಡಿ ಆಯಿತೇ, ಅಥವಾ ಆಗುತ್ತೆ ಅಂತ ನಂಬೋಕೆ ಆಧಾರ ಇತ್ತೇ? ಸುಮ್ಮನೆ ಭಯ ಪಟ್ಟರೆ ಸಾಕಾಗೋದಿಲ್ಲ.

ಇಲ್ಲಿ ಶಾಲೆಯ ಕಡೆ ವಾದಿಸೋರಿಗೂ ನಿಜವಾದ ಸರಕು ಇದೆ. ಅದಿಲ್ಲದ ಕೇಸನ್ನು ತಗೋಬೇಡಿ, ವಿಚಾರಣೆ ಸಪ್ಪೆ ಆಗುತ್ತೆ. ಆ ಊರಿನ ಒಂದು ಶಾಲೆಯ ಹಳೆ ವಿದ್ಯಾರ್ಥಿಯೊಬ್ಬ ವಿಯೆಟ್ನಾಂನಲ್ಲಿ ಸತ್ತಿದ್ದ, ಅವನ ಗೆಳೆಯರು ಇನ್ನೂ ಅಲ್ಲೇ ಓದ್ತಾ ಇದ್ದರು. ಪರಿಸ್ಥಿತಿ ಕೈಮೀರಬಹುದು ಅಂತ ಅಧಿಕಾರಿಗಳು ಹೇಳಿದ್ದರು. ಪಟ್ಟಿ ಕಟ್ಟಿದವರನ್ನು ಕೆಲವರು ಗೇಲಿ ಮಾಡಿದ್ದರು, ಎಚ್ಚರಿಕೆ ಕೊಟ್ಟಿದ್ದರು. ಒಂದು ಗಣಿತದ ಕ್ಲಾಸು ಈ ವಾಗ್ವಾದದಲ್ಲೇ ಹಾಳಾಯಿತು ಅಂತ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್ ತಮ್ಮ ಭಿನ್ನಮತದ ತೀರ್ಪಿನಲ್ಲಿ ಬರೆದಿದ್ದಾರೆ. ಮಾತಿನ ಹಕ್ಕಿನ ಕಟ್ಟಾ ಬೆಂಬಲಿಗರು ಅಂತ ಹೆಸರಾದ ಬ್ಲ್ಯಾಕ್ ಅವರೇ ಇಲ್ಲಿ ಶಾಲೆಯ ಪರ ನಿಂತದ್ದು ನಮ್ಮಲ್ಲಿ ತುಂಬ ಜನಕ್ಕೆ ಆಶ್ಚರ್ಯ ತಂತು. ಮಕ್ಕಳ ಕಡೆಗೂ ಒಂದು ಗಟ್ಟಿ ಅಂಶ ಇತ್ತು. ಅದೇ ಶಾಲೆಗಳಲ್ಲಿ ಚುನಾವಣಾ ಬ್ಯಾಡ್ಜ್ ಹಾಕಿಕೊಂಡು ಬರೋದಕ್ಕೆ ಯಾರೂ ತಡೆದಿರಲಿಲ್ಲ. ಎಲ್ಲ ಗುರುತಿಗೂ ಅವಕಾಶ, ಈ ಒಂದು ಗುರುತಿಗೆ ಮಾತ್ರ ನಿಷೇಧ ಯಾಕೆ?

ನಾವು ಮಾಡಿದ ಕೆಲಸ ಲ್ಯಾಬ್‌ನಲ್ಲಿ ಮಾಡೋದೇ. ಉಳಿದದ್ದೆಲ್ಲ ಸ್ಥಿರವಾಗಿಟ್ಟು ಒಂದೇ ವೇರಿಯಬಲ್ ಬದಲಿಸಿದೆವು. ಮೊದಲ ಸುತ್ತಿನಲ್ಲಿ ಕೇಸ್ ಫೈಲ್ ಟಿಂಕರ್ ತೀರ್ಪಿನಲ್ಲಿರೋ ಸಂಗತಿಗಳಷ್ಟೇ. ಎರಡನೇ ಸುತ್ತಿನಲ್ಲಿ ಬ್ಲ್ಯಾಕ್‌ವೆಲ್‌ನಿಂದ ಒಂದು ವಾಕ್ಯ ಸಾಲ ತಂದು ಸೇರಿಸಿದೆವು: ಬೇಡ ಎಂದ ಇಬ್ಬರಿಗೂ ಪಟ್ಟಿ ಕಟ್ಟಿದರು. ನ್ಯಾಯಪೀಠದಲ್ಲಿದ್ದ ಮೂವರು ಫೈನಲ್ ಇಯರ್‌ನವರು ಮೊದಲ ಸುತ್ತಿನಲ್ಲಿ ಮಕ್ಕಳ ಪರ, ಎರಡನೇ ಸುತ್ತಿನಲ್ಲಿ ಶಾಲೆಯ ಪರ ತೀರ್ಪು ಕೊಟ್ಟರು. ಅಲ್ಲಿವರೆಗೆ "ನನ್ನ ಹಕ್ಕು ಅಂದ್ರೆ ನನ್ನ ಹಕ್ಕು" ಅಂತ ಕೂಗಾಡ್ತಿದ್ದ ನಮ್ಮ ಗೆಳೆಯನೊಬ್ಬ ಎರಡನೇ ತೀರ್ಪು ಕೇಳಿ ತುಂಬ ಹೊತ್ತು ಫೈಲ್ ನೋಡ್ತಾ ಕೂತಿದ್ದ.

ವಿಚಾರಣೆ ಹಳಿ ತಪ್ಪದಿರೋಕೆ ಒಂದು ನಿಯಮವನ್ನು ಕಟ್ಟುನಿಟ್ಟಾಗಿ ಇಟ್ಟುಕೊಳ್ಳಿ. ಸಾಕ್ಷಿ ತನ್ನ ಹೇಳಿಕೆಯ ಹಾಳೆಯಲ್ಲಿ ಇಲ್ಲದ ಮುಖ್ಯ ಸಂಗತಿಯನ್ನು ಹೊಸದಾಗಿ ಹುಟ್ಟಿಸಬಾರದು. ಗಣಿತದ ಮೇಷ್ಟ್ರ ಪಾತ್ರದಲ್ಲಿದ್ದವನಿಗೆ "ಕ್ಲಾಸಲ್ಲಿ ಪಟ್ಟಿಯ ಮಾತು ಮೊದಲು ತೆಗೆದದ್ದು ಯಾರು ಸರ್?" ಅಂತ ಪಾಟೀ ಸವಾಲು ಬಂತು. ಅವನು ನಾಟಕದ ಹುಮ್ಮಸ್ಸಿನಲ್ಲಿ "ನಾನೇ ತೆಗೆದೆ" ಅಂದುಬಿಟ್ಟ. ಹಾಲ್ ಪೂರ್ತಿ ಚಪ್ಪಾಳೆ. ಪೀಠ ಆ ಉತ್ತರವನ್ನು ದಾಖಲೆಯಿಂದ ತೆಗೆದುಹಾಕಿತು, ಯಾಕೆಂದರೆ ಅದು ಫೈಲ್‌ನಲ್ಲಿ ಇರಲಿಲ್ಲ. ಪ್ರಶ್ನೆ ಮಾತ್ರ ಅದ್ಭುತವಾಗಿತ್ತು ಅನ್ನೋದನ್ನ ಎಲ್ಲರೂ ಒಪ್ಪಿದರು. ಗಲಾಟೆ ಆಯ್ತು ಅನ್ನೋದು ಒಂದು ಸಂಗತಿ, ಗಲಾಟೆ ಮಾಡಿದ್ದು ಯಾರು ಅನ್ನೋದು ಬೇರೆಯೇ ಸಂಗತಿ. ಮಾತಾಡಿದವನ ಮೇಲೆ ಕೇಳಿದವರು ಸಿಟ್ಟಾದರೆ ಶಿಕ್ಷೆ ಯಾರಿಗೆ?

ಇನ್ನು ಸಿನಿಮಾ ನೋಡಿ ಕಲಿತ ಕೋರ್ಟು ಭಾಷೆಯ ವಿಷಯ. ಮೊದಲ ಹತ್ತು ನಿಮಿಷ ಪ್ರತಿ ವಾಕ್ಯಕ್ಕೂ "ಅಬ್ಜೆಕ್ಷನ್ ಮೈ ಲಾರ್ಡ್" ಕೇಳಿಬಂತು. ಆಮೇಲೆ ಪೀಠ, ಯಾವ ಕಾರಣಕ್ಕೆ ಆಕ್ಷೇಪ ಅಂತ ಹೇಳದಿದ್ದರೆ ಕೂತ್ಕೊಳ್ಳಿ ಅಂತು. ಕಾರಣಗಳು ನಮಗೆ ಮೂರೇ ಸಾಕಾದವು: ಮುಖ್ಯ ವಿಚಾರಣೆಯಲ್ಲಿ ಉತ್ತರವನ್ನೇ ಬಾಯಿಗಿಡೋ ಸೂಚಕ ಪ್ರಶ್ನೆ, ಬೇರೆಯವರು ಹೇಳಿದ್ದನ್ನು ಕೇಳಿದೆ ಅನ್ನೋ ಸಾಕ್ಷ್ಯ, ಕೇಸಿಗೆ ಸಂಬಂಧ ಇಲ್ಲದ ಪ್ರಶ್ನೆ. ನಮ್ಮ ದೇಶದಲ್ಲಿ ಇದಕ್ಕೆಲ್ಲ ಈಗ ಆಧಾರ ಭಾರತೀಯ ಸಾಕ್ಷ್ಯ ಅಧಿನಿಯಮ. 1872ರ ಕಾಯ್ದೆಯ ಜಾಗಕ್ಕೆ ಅದು 2024ರ ಜುಲೈ 1ರಿಂದ ಬಂದಿದೆ. ಅದನ್ನು ಪೂರ್ತಿ ಓದೋ ಅಗತ್ಯ ಇಲ್ಲ, ಈ ಮೂರು ಕಾರಣ ಸಾಕು.

ಎರಡನೇ ವಿಚಾರಣೆ ನಮ್ಮ ದೇಶದ್ದು. ನಮ್ಮ ಪ್ರಕಾರ ಪ್ರತಿ ಕಾಲೇಜಿನವರೂ ಮಾಡಲೇಬೇಕಾದದ್ದು: ಬಿಜೋ ಇಮ್ಯಾನ್ಯುಯೆಲ್ ವರ್ಸಸ್ ಕೇರಳ ರಾಜ್ಯ. ನಿಜದಲ್ಲಿ ಇದು ರಿಟ್ ಅರ್ಜಿ, ಕಟಕಟೆಗೆ ಯಾರೂ ಹತ್ತಿರಲಿಲ್ಲ. ಪಾಠಕ್ಕಾಗಿ ನಾವು ಅದನ್ನು ವಿಚಾರಣೆಯಾಗಿ ಮಾಡಿಕೊಂಡೆವು.

ಮೂರು ಮಕ್ಕಳು, ಹತ್ತು, ಒಂಬತ್ತು ಮತ್ತು ಐದನೇ ಕ್ಲಾಸಿನವರು. ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಗಡದವರು. ಬೆಳಗಿನ ಅಸೆಂಬ್ಲಿಯಲ್ಲಿ ರಾಷ್ಟ್ರಗೀತೆ ಹಾಡುವಾಗ ಎದ್ದು ಗೌರವದಿಂದ ನಿಲ್ತಿದ್ದರು, ಹಾಡ್ತಿರಲಿಲ್ಲ. ದೇವರ ಪ್ರಾರ್ಥನೆ ಬಿಟ್ಟು ಬೇರೆ ಯಾವುದನ್ನೂ ಹೀಗೆ ಹಾಡೋದು ತಮ್ಮ ನಂಬಿಕೆಗೆ ವಿರುದ್ಧ ಅಂತ. ಅವರ ಅಕ್ಕಂದಿರೂ ಅದೇ ಶಾಲೆಯಲ್ಲಿ ಹಾಗೇ ಮಾಡಿದ್ದರು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. 1985ರ ಜುಲೈಯಲ್ಲಿ ಒಬ್ಬ ಶಾಸಕರ ಕಣ್ಣಿಗೆ ಬಿತ್ತು, ವಿಧಾನಸಭೆಯಲ್ಲಿ ಪ್ರಶ್ನೆ ಎದ್ದಿತು. ಒಂದು ಆಯೋಗ ನೇಮಕವಾಗಿ, ಮಕ್ಕಳು ಕಾನೂನಿಗೆ ತಲೆಬಾಗುವವರು, ಅಗೌರವ ತೋರಿಸಿಲ್ಲ ಅಂತಲೇ ವರದಿ ಕೊಟ್ಟಿತು. ಆದರೂ ಶಾಲಾ ಇನ್‌ಸ್ಪೆಕ್ಟರ್ ಸೂಚನೆಯ ಮೇರೆಗೆ ಹೆಡ್‌ಮಿಸ್ಟ್ರೆಸ್ ಜುಲೈ 26ರಂದು ಮೂವರನ್ನೂ ಹೊರಗೆ ಹಾಕಿದರು. ಕೇರಳ ಹೈಕೋರ್ಟಿನಲ್ಲಿ ಎರಡು ಹಂತದಲ್ಲೂ ಮಕ್ಕಳು ಸೋತರು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾದ ಓ. ಚಿನ್ನಪ್ಪ ರೆಡ್ಡಿ ಮತ್ತು ಎಂ. ಎಂ. ದತ್ ಅವರು ಮಕ್ಕಳನ್ನು ವಾಪಸ್ ಸೇರಿಸಿಕೊಳ್ಳಿ ಅಂತ ಆದೇಶ ಮಾಡಿದರು.

ಯಾರು ಯಾವ ಕಡೆ ಅನ್ನೋದನ್ನ ನಾವು ಚೀಟಿ ಎತ್ತಿ ತೀರ್ಮಾನ ಮಾಡ್ತೀವಿ. ಮಕ್ಕಳ ವಕೀಲನ ಚೀಟಿ ಸಿಕ್ಕಿದ್ದು ಮೆಕ್ಯಾನಿಕಲ್‌ನ ನಮ್ಮ ಗೆಳೆಯನಿಗೆ, ಎನ್‌ಸಿಸಿ ಕ್ಯಾಡೆಟ್. "ಜನ ಗಣ ಮನ ಹಾಡ್ದೇ ಇರೋರ ಪರ ನಾನು ಮಾತಾಡಲ್ಲ, ಚೀಟಿ ಬದಲಿಸಿ" ಅಂದ. ಬದಲಿಸಲಿಲ್ಲ. ಒಂದು ವಾರ ಯಾರ ಹತ್ತಿರವೂ ಸರಿಯಾಗಿ ಮಾತಾಡದೆ ತೀರ್ಪಿನ ಪ್ರಿಂಟ್‌ಔಟ್ ಹಿಡಿದು ಓಡಾಡಿದ. ಶನಿವಾರ ಹೆಡ್‌ಮಿಸ್ಟ್ರೆಸ್ ಪಾತ್ರದ ಹುಡುಗಿಗೆ ಅವನು ಮಾಡಿದ ಪಾಟೀ ಸವಾಲನ್ನು ನಮ್ಮ ನೋಟ್ಸ್‌ನಿಂದ ಹಾಗೇ ಕೊಡ್ತೀವಿ.

"ಮೇಡಂ, ರಾಷ್ಟ್ರಗೀತೆ ನಡೆಯುವಾಗ ಆ ಮೂವರು ಎಲ್ಲಿರ್ತಿದ್ರು?"

"ಅಸೆಂಬ್ಲಿಯಲ್ಲೇ."

"ಕೂತಿರ್ತಿದ್ರಾ, ನಿಂತಿರ್ತಿದ್ರಾ?"

"ನಿಂತಿರ್ತಿದ್ರು."

"ಪಕ್ಕದವರ ಜೊತೆ ಮಾತು, ನಗು?"

"ಇಲ್ಲ."

"ಹಾಡ್ತಿರೋ ಬೇರೆ ಮಕ್ಕಳನ್ನ ತಡೆದ್ರಾ?"

"ಇಲ್ಲ."

"ಜುಲೈಗೆ ಮೊದಲು ಈ ವಿಷಯಕ್ಕೆ ಅವರ ಮೇಲೆ ಏನಾದ್ರೂ ಕ್ರಮ ತಗೊಂಡಿದ್ರಾ?"

"ಇಲ್ಲ."

"ಹಾಗಾದ್ರೆ ಜುಲೈಯಲ್ಲಿ ಬದಲಾದದ್ದು ಮಕ್ಕಳ ನಡತೆಯಾ ಮೇಡಂ, ಮೇಲಿಂದ ಬಂದ ಮಾತಾ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು "ಮೇಲಿಂದ ಬಂದ ಮಾತು" ಅಂದಳು. ಅವನು ಇನ್ನೇನೂ ಕೇಳದೆ ಕೂತ.

ಶಾಲೆಯ ವಕೀಲರು ಸುಲಭಕ್ಕೆ ಬಿಡಲಿಲ್ಲ. 1976ರ 42ನೇ ತಿದ್ದುಪಡಿಯಲ್ಲಿ ಬಂದ 51ಎ ವಿಧಿ ಹಿಡಿದರು: ರಾಷ್ಟ್ರಧ್ವಜ, ರಾಷ್ಟ್ರಗೀತೆಯನ್ನು ಗೌರವಿಸೋದು ಪ್ರತಿಯೊಬ್ಬ ನಾಗರಿಕನ ಮೂಲಭೂತ ಕರ್ತವ್ಯ. ಒಳ್ಳೆ ವಾದ. ಇದಕ್ಕೆ ಸುಪ್ರೀಂ ಕೋರ್ಟು ಕೊಟ್ಟ ಉತ್ತರ, ಎದ್ದು ನಿಂತರೆ ಗೌರವ ತೋರಿಸಿದಂತೆಯೇ, ಹಾಡಲಿಲ್ಲ ಅನ್ನೋದೊಂದೇ ಅಗೌರವ ಆಗೋದಿಲ್ಲ. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆಯೋ 1971ರ ಕಾಯ್ದೆ ಕೂಡ ಹಾಡೋದನ್ನ ಬೇಕಂತ ತಡೆಯೋರನ್ನ, ಹಾಡ್ತಿರೋ ಸಭೆಗೆ ಅಡ್ಡಿ ಮಾಡೋರನ್ನ ಶಿಕ್ಷಿಸುತ್ತೆ, ಸುಮ್ಮನೆ ನಿಂತವರನ್ನಲ್ಲ.

ಆದರೆ ಈ ಕೇಸಿನ ಅಸಲಿ ಪಾಠ ನಮಗನ್ನಿಸಿದ್ದು ಬೇರೆ ಕಡೆ. ಪೀಠದಲ್ಲಿದ್ದ ಅಕ್ಕ ಶಾಲೆಯ ವಕೀಲರಿಗೆ ಕೇಳಿದರು, "19(2)ರಲ್ಲಿ ಎಂಟು ಕಾರಣ ಇವೆ. ನಿಮ್ಮದು ಯಾವುದು?" ದೇಶದ ಸಾರ್ವಭೌಮತೆ ಮತ್ತು ಅಖಂಡತೆ, ದೇಶದ ಭದ್ರತೆ, ವಿದೇಶಗಳ ಜೊತೆ ಸ್ನೇಹ ಸಂಬಂಧ, ಸಾರ್ವಜನಿಕ ಸುವ್ಯವಸ್ಥೆ, ಸಭ್ಯತೆ ಅಥವಾ ನೈತಿಕತೆ, ನ್ಯಾಯಾಂಗ ನಿಂದನೆ, ಮಾನಹಾನಿ, ಅಪರಾಧಕ್ಕೆ ಪ್ರಚೋದನೆ. ಅವರು ಪಟ್ಟಿಯನ್ನ ಎರಡು ಸಲ ಓದಿದರು. 'ಶಿಸ್ತು' ಅನ್ನೋ ಪದ ಅದರಲ್ಲಿ ಇಲ್ಲ. 'ಸಂಸ್ಥೆಯ ಹೆಸರಿಗೆ ಮಸಿ' ಅನ್ನೋದೂ ಇಲ್ಲ. ಕಾರಣ ಸಿಕ್ಕರೂ ನಿರ್ಬಂಧ ಯುಕ್ತವಾಗಿರಬೇಕು, ಅದೂ ಒಂದು ಕಾನೂನಿನ ಮೂಲಕ ಬರಬೇಕು. ಕೇರಳದಲ್ಲಿ ಇದ್ದದ್ದು ಇಲಾಖೆಯ ಎರಡು ಸುತ್ತೋಲೆಗಳು ಮಾತ್ರ. ಅವುಗಳ ಹಿಂದೆ ಶಾಸನದ ಬಲ ಇಲ್ಲ, ಆದ್ದರಿಂದ ಅವನ್ನು ಹಿಡಿದು ಮೂಲಭೂತ ಹಕ್ಕನ್ನು ಕಿತ್ತುಕೊಳ್ಳೋಕೆ ಆಗಲ್ಲ ಅಂತ ಸುಪ್ರೀಂ ಕೋರ್ಟು ಹೇಳಿತು. 19(1)(ಎ) ಜೊತೆಗೆ ಧರ್ಮದ ಸ್ವಾತಂತ್ರ್ಯದ 25ನೇ ವಿಧಿಯೂ ಉಲ್ಲಂಘನೆ ಆಗಿದೆ ಅಂತಲೂ ಹೇಳಿತು. ನೋಟಿಸ್ ಬೋರ್ಡಿನಲ್ಲಿ ಸರ್ಕ್ಯುಲರ್ ಬಂದ ಕೂಡಲೇ ಅದೇ ಕಾನೂನು ಅಂದುಕೊಳ್ಳೋ ನಮಗೆ ಇದು ಸಣ್ಣ ವಿಷಯ ಅಲ್ಲ.

ಇದೇ ಪಂಗಡದ ಮಕ್ಕಳ ಧ್ವಜವಂದನೆಯ ಕೇಸುಗಳು ಅಮೆರಿಕದಲ್ಲೂ ಆಗಿದ್ದವು. 1940ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಶಾಲೆಯ ಪರ ಹೇಳಿ, ಮೂರೇ ವರ್ಷದಲ್ಲಿ, ಮಹಾಯುದ್ಧದ ನಡುವೆ, ಬಾರ್ನೆಟ್ ಕೇಸಿನಲ್ಲಿ ತನ್ನ ತೀರ್ಪನ್ನೇ ತಿರುಗಿಸಿತು. ನಮ್ಮ ನ್ಯಾಯಮೂರ್ತಿಗಳು ಅದನ್ನೂ ಚರ್ಚಿಸಿದ್ದಾರೆ. ಓದೋ ಆಸಕ್ತಿ ಇರೋರು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ.

ವಿಚಾರಣೆ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಆ ಎನ್‌ಸಿಸಿ ಗೆಳೆಯನನ್ನ "ಮನಸ್ಸು ಬದಲಾಯ್ತಾ?" ಅಂತ ಕೇಳಿದೆವು. "ಎಲ್ರೂ ಹಾಡ್ಬೇಕು ಅಂತಾನೇ ಈಗಲೂ ನನ್ನ ಅಭಿಪ್ರಾಯ. ಹಾಡ್ಲಿಲ್ಲ ಅಂತ ಐದನೇ ಕ್ಲಾಸಿನ ಮಗೂನ ಸ್ಕೂಲಿಂದ ಕಳಿಸೋದು ಬೇರೆ ಲೆಕ್ಕ" ಅಂದ. ಹೆಡ್‌ಮಿಸ್ಟ್ರೆಸ್ ಆಗಿದ್ದ ಸಿವಿಲ್‌ನ ಹುಡುಗಿ ಇನ್ನೂ ಪಾತ್ರದಿಂದ ಪೂರ್ತಿ ಹೊರಗೆ ಬಂದಿರಲಿಲ್ಲ. ಸರ್ಕಾರದಿಂದ ಆದೇಶ ಬರೋವರೆಗಾದರೂ ಮಕ್ಕಳನ್ನ ಕೂರಿಸಿಕೊಳ್ಳಿ ಅಂತ ಅವರ ತಂದೆ ಕೇಳಿಕೊಂಡಿದ್ದರು, ಆಗೋದಿಲ್ಲ ಅಂತ ಹೆಡ್‌ಮಿಸ್ಟ್ರೆಸ್ ಉತ್ತರ ಕೊಟ್ಟಿದ್ದರು. "ಆ ಪತ್ರ ಓದುವಾಗ ನನಗೆ ಸಿಟ್ಟು ಬರಲಿಲ್ಲ, ಪಾಪ ಅನ್ನಿಸ್ತು. ಮೇಲಿನವರು ಹೇಳಿದ್ಮೇಲೆ ಅವರಾದ್ರೂ ಏನ್ ಮಾಡ್ತಿದ್ರು?" ಅಂದಳು. ಇಬ್ಬರೂ ಅರ್ಧ ಗಂಟೆ ಜಗಳ ಆಡಿದರು. ಯಾವ ಭಾಷಣದ ಕೊನೆಗೂ ನಾವು ಇಂಥ ಜಗಳ ನೋಡಿಲ್ಲ.

ಹಿಜಾಬ್ ಕೇಸು ಯಾಕೆ ತಗೊಳ್ಳಲಿಲ್ಲ ಅಂತ ಕೆಲವರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ, ನಮ್ಮ ರಾಜ್ಯದ್ದೇ ಕೇಸು ಅದು. 2022ರ ಮಾರ್ಚ್ 15ರಂದು ಕರ್ನಾಟಕ ಹೈಕೋರ್ಟು ಸರ್ಕಾರದ ಆದೇಶವನ್ನು ಎತ್ತಿಹಿಡಿಯಿತು, ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ವಿರುದ್ಧ ತೀರ್ಪು ಕೊಟ್ಟರು, ವಿಷಯ ದೊಡ್ಡ ಪೀಠಕ್ಕೆ ಹೋಯಿತು. ಬಿಜೋ ಇಮ್ಯಾನ್ಯುಯೆಲ್ ತೀರ್ಪು ಆ ಎರಡೂ ಬರಹಗಳಲ್ಲಿ ಚರ್ಚೆಯಾಗಿದೆ. ಒಬ್ಬರು ಅದನ್ನು ಆಧಾರ ಮಾಡಿಕೊಂಡರೆ ಇನ್ನೊಬ್ಬರು ಅದು ಇಲ್ಲಿಗೆ ಅನ್ವಯಿಸೋದಿಲ್ಲ ಅಂದರು. ಓದೋಕೆ ಇದಕ್ಕಿಂತ ಒಳ್ಳೆ ಜೋಡಿ ಸಿಗಲಿಕ್ಕಿಲ್ಲ. ಆದರೆ ವಿಚಾರಣೆ ಮಾಡಲಿಲ್ಲ. ಆಗ ಪಿಯುಸಿ ಅಥವಾ ಹೈಸ್ಕೂಲಿನಲ್ಲಿದ್ದು ಆ ದಿನಗಳನ್ನು ಸ್ವತಃ ಕಂಡವರು ನಮ್ಮ ನಡುವೆಯೇ ಕೂತಿದ್ದಾರೆ. ಅವರ ಎದುರಿಗೆ ಚೀಟಿ ಎತ್ತಿ ಒಬ್ಬರನ್ನ ಅವರಾಗಿ ನಟಿಸು ಅನ್ನೋದು ನಮಗೆ ಸರಿ ಕಾಣಲಿಲ್ಲ. ಬೇರೆ ಕಾಲೇಜಿನವರು ಬೇರೆ ತೀರ್ಮಾನ ಮಾಡಬಹುದು.

ಮೂರನೆಯದು ಹಾಸ್ಟೆಲ್ ಕೇಸು, ಅವತ್ತು ಹಾಲ್ ತುಂಬಿತ್ತು. ಹಾಸ್ಟೆಲ್ ಅಂದ ಮೇಲೆ ಕೇಳಬೇಕಾ? ಫಾಹೀಮಾ ಶಿರೀನ್ ವರ್ಸಸ್ ಕೇರಳ ರಾಜ್ಯ, ಕೇರಳ ಹೈಕೋರ್ಟು, 2019ರ ಸೆಪ್ಟೆಂಬರ್. ಕೋಝಿಕ್ಕೋಡ್ ಕಡೆಯ ಒಂದು ಕಾಲೇಜಿನ ಹುಡುಗಿಯರ ಹಾಸ್ಟೆಲಿನಲ್ಲಿ ಸಂಜೆ 6ರಿಂದ ರಾತ್ರಿ 10ರವರೆಗೆ ಮೊಬೈಲ್ ಬಳಸಬಾರದು ಅನ್ನೋ ನಿಯಮ ಇತ್ತು. ಬಿಎ ಓದ್ತಿದ್ದ ವಿದ್ಯಾರ್ಥಿನಿ ಒಪ್ಪಲಿಲ್ಲ, ಹಾಸ್ಟೆಲ್ ಬಿಡಿಸಿದರು. ಇಂಟರ್ನೆಟ್ ಬಳಸೋ ಹಕ್ಕು ಶಿಕ್ಷಣದ ಹಕ್ಕು, ಖಾಸಗಿತನದ ಹಕ್ಕುಗಳ ಭಾಗ ಅಂತ ಹೇಳಿ ನ್ಯಾಯಮೂರ್ತಿ ಪಿ. ವಿ. ಆಶಾ ಅವಳನ್ನು ಮರಳಿ ಸೇರಿಸಿಕೊಳ್ಳಲು ಆದೇಶಿಸಿದರು. ವಾರ್ಡನ್ ಪರ ವಾದಿಸಿದ ತಂಡ ಪೋಷಕರ ಕಾಳಜಿಯ ವಾದವನ್ನ ಎಷ್ಟು ಚೆನ್ನಾಗಿ ಕಟ್ಟಿತು ಅಂದರೆ ಪ್ರೇಕ್ಷಕರಲ್ಲಿ ಇಬ್ಬರು ತಮ್ಮ ಅಮ್ಮನ ದನಿಯೇ ಕೇಳಿದ ಹಾಗಾಯ್ತು ಅಂದರು. ಅದಕ್ಕೆ ಎದುರಾಗಿ ಬಂದ ಪ್ರಶ್ನೆ ಒಂದೇ: "ಅದೇ ಕಾಳಜಿ ಹುಡುಗರ ಹಾಸ್ಟೆಲಿಗೂ ಇದೆಯಾ ಮೇಡಂ?"

ಇನ್ನು ನಮಗೆ ಅತಿ ಹತ್ತಿರದ ಪ್ರಶ್ನೆ, ಮೀಮ್. ಇದಕ್ಕೆ ನಾವು ಕಾಲ್ಪನಿಕ ಕೇಸ್ ಫೈಲ್ ಒಂದನ್ನು ಬರೀತಾ ಇದ್ದೀವಿ. ಮೆಸ್ ಊಟದ ಬಗ್ಗೆ ವಿದ್ಯಾರ್ಥಿಯೊಬ್ಬ ಭಾನುವಾರ ಮನೆಯಿಂದ ಇನ್‌ಸ್ಟಾದಲ್ಲಿ ಮೀಮ್ ಹಾಕ್ತಾನೆ, ಯಾರೋ ಸ್ಕ್ರೀನ್‌ಶಾಟ್ ತೆಗೆದು ಆಫೀಸಿಗೆ ಕೊಡ್ತಾರೆ, ಸಸ್ಪೆಂಡ್. ಇಟ್ಟುಕೊಂಡ ತೀರ್ಪುಗಳು ಮೂರು. ಒಂದು, ಶ್ರೇಯಾ ಸಿಂಘಾಲ್, 2015ರ ಮಾರ್ಚ್ 24. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ ರದ್ದಾದದ್ದು ಇದರಲ್ಲೇ, ಅರ್ಜಿ ಹಾಕಿದಾಕೆ ಕಾನೂನು ವಿದ್ಯಾರ್ಥಿನಿ. ಚರ್ಚೆ ಬೇರೆ, ಒಂದು ವಿಚಾರದ ಪರ ವಕಾಲತ್ತು ಬೇರೆ, ಪ್ರಚೋದನೆ ಬೇರೆ, ಪ್ರಚೋದನೆಯ ಮಟ್ಟ ಮುಟ್ಟಿದ ಮೇಲೆ ಮಾತ್ರ ನಿರ್ಬಂಧದ ಮಾತು ಅನ್ನೋದು ಅದರ ತಿರುಳು. ಎರಡು, ಅಮೆರಿಕದ 2021ರ ಮಹನೋಯ್ ಕೇಸು. ಶಾಲೆಯ ಮುಖ್ಯ ಚಿಯರ್‌ಲೀಡಿಂಗ್ ತಂಡಕ್ಕೆ ಆಯ್ಕೆಯಾಗದ ಸಿಟ್ಟಿಗೆ ಹುಡುಗಿಯೊಬ್ಬಳು ವಾರಾಂತ್ಯದಲ್ಲಿ ಶಾಲೆಯ ಹೊರಗಿನಿಂದ ಸ್ನ್ಯಾಪ್‌ಚಾಟ್‌ನಲ್ಲಿ ಬೈದು ಹಾಕಿದ್ದಳು. 8–1ರಲ್ಲಿ ಅವಳೇ ಗೆದ್ದಳು, ಆದರೂ ಶಾಲೆಯ ಹೊರಗಿನ ಮಾತಿಗೆ ಶಾಲೆ ಎಂದಿಗೂ ಕೈ ಹಾಕುವಂತಿಲ್ಲ ಅಂತ ಕೋರ್ಟು ಹೇಳಲಿಲ್ಲ. ಮೂರು, ಕೌಶಲ್ ಕಿಶೋರ್, 2023ರ ಜನವರಿ. 19ನೇ ವಿಧಿಯ ಹಕ್ಕನ್ನು ಸರ್ಕಾರವಲ್ಲದವರ ವಿರುದ್ಧವೂ ಕೇಳಬಹುದು ಅಂತ ಸಂವಿಧಾನ ಪೀಠದ ಬಹುಮತ ಹೇಳಿದ್ದು ಇಲ್ಲಿ. ಕೇಸು ಮಂತ್ರಿಗಳ ಮಾತಿನ ಬಗ್ಗೆ ಇತ್ತು, ಖಾಸಗಿ ಕಾಲೇಜಿನ ಬಗ್ಗೆ ಅಲ್ಲ. ಆದ್ದರಿಂದ ನಮ್ಮ ಫೈಲ್‌ನಲ್ಲಿ ಕಾಲೇಜು ಸರ್ಕಾರಿಯೋ, ಅನುದಾನಿತವೋ, ಪೂರ್ತಿ ಖಾಸಗಿಯೋ ಅನ್ನೋದೇ ಮೊದಲ ಜಗಳ.

ಈ ಫೈಲ್ ತಯಾರಿಸುವಾಗ ಒಂದು ವಿಷಯ ನಡೀತು, ಹೇಳದೆ ಬಿಡೋಕೆ ಆಗಲ್ಲ. ಟಿಂಕರ್‌ಗೆ, ಬಿಜೋಗೆ ಪಾತ್ರ ಕೊಡಿ ಅಂತ ಜನ ಮುಗಿಬಿದ್ದಿದ್ದರು. ಮೀಮ್ ಹಾಕಿದ ವಿದ್ಯಾರ್ಥಿಯ ಪಾತ್ರ ಯಾರಿಗೂ ಬೇಡವಾಯ್ತು. "ವೀಡಿಯೋ ಯಾರಾದ್ರೂ ಎಡಿಟ್ ಮಾಡಿ ಹಾಕಿದ್ರೆ? ನಾನು ನಿಜವಾಗ್ಲೂ ಹೇಳ್ದೆ ಅಂದ್ಕೊಂಡ್ರೆ? ಪ್ಲೇಸ್‌ಮೆಂಟ್ ಬೇರೆ ಹತ್ರ ಬರ್ತಿದೆ." ಕಾಲ್ಪನಿಕ ಹುಡುಗ, ಕಾಲ್ಪನಿಕ ಮೆಸ್, ಕಾಲ್ಪನಿಕ ಸಾಂಬಾ‌ರ್. ಆದರೂ ಭಯ ಮಾತ್ರ ನಿಜ. ಬಾಯಿ ಮುಚ್ಚಿಸೋಕೆ ಎಷ್ಟೋ ಸಲ ಸಸ್ಪೆನ್ಷನ್ ಆರ್ಡರ್ ಬೇಕಾಗಿಲ್ಲ ಅನ್ನೋದು ಆ ಮೀಟಿಂಗ್‌ನಲ್ಲಿ ಕಣ್ಣಿಗೆ ಕಂಡಿತು. ಒಬ್ಬಳು ಅಡ್ಮಿಷನ್ ದಿನ ಸಹಿ ಹಾಕಿದ ಮುಚ್ಚಳಿಕೆಯ ಫೋಟೋ ತೆಗೆದು ತೋರಿಸಿದಳು. "ಸಂಸ್ಥೆಯ ಹೆಸರಿಗೆ ಧಕ್ಕೆ ತರುವಂಥ" ಅಂತ ಶುರುವಾಗೋ ಸಾಲು. ನಾವೆಲ್ಲ ಸಹಿ ಹಾಕಿರೋದೇ, ಓದಿದವರು ಕಡಿಮೆ. ಅದನ್ನು ಯಾವ ಕಾಲೇಜಿನದ್ದು ಅನ್ನೋದು ಗೊತ್ತಾಗದ ಹಾಗೆ ಬದಲಿಸಿ ಕೇಸ್ ಫೈಲ್‌ಗೆ ದಾಖಲೆ ನಂಬರ್ 4 ಅಂತ ಸೇರಿಸಿದ್ದೇವೆ. ಇಷ್ಟು ಅಗಲವಾದ ಸಾಲಿಗೆ ಒಪ್ಪಿಗೆ ಕೊಟ್ಟರೆ ಮೂಲಭೂತ ಹಕ್ಕನ್ನೇ ಬಿಟ್ಟುಕೊಟ್ಟ ಹಾಗಾ ಅನ್ನೋದು ಎರಡೂ ಕಡೆಯ ವಕೀಲರಿಗೆ ಈಗ ಮನೆಗೆಲಸ.

ವ್ಯವಸ್ಥೆ ಹೀಗಿದೆ. ರೆಕಾರ್ಡಿಂಗ್ ಇಲ್ಲ, ಒಳಗೆ ಬರುವಾಗ ಫೋನುಗಳೆಲ್ಲ ಬಾಗಿಲ ಹತ್ತಿರದ ಡಬ್ಬದಲ್ಲಿ. ಮಾತಿನ ಹಕ್ಕಿನ ಪಾಠಕ್ಕೆ ಫೋನ್ ಕಿತ್ಕೊಳ್ತೀರಾ ಅಂತ ಒಬ್ಬ ನಕ್ಕ, ಡಬ್ಬ ಇರೋದರಿಂದಲೇ ಜನ ಮಾತಾಡ್ತಾರೆ ಅಂತ ಇನ್ನೊಬ್ಬ ಹೇಳಿದ. ಅದರ ಬಗ್ಗೆಯೂ ಇನ್ನೊಂದು ಕೇಸ್ ಫೈಲ್ ಬರೀಬಹುದೇನೋ. ಪ್ರತಿ ಕಡೆ ಇಬ್ಬರು ವಕೀಲರು, ಮೂವರು ಸಾಕ್ಷಿಗಳು, ಪೀಠದಲ್ಲಿ ಮೂವರು. ಒಟ್ಟು ತೊಂಬತ್ತು ನಿಮಿಷ, ಅದರಲ್ಲಿ ತೀರ್ಪು ಓದೋಕೆ ಹತ್ತು. ಸೋತ ಕಡೆಗೂ ಪೀಠ ಕಾರಣ ಹೇಳಲೇಬೇಕು. ಭಿನ್ನಮತ ಇದ್ದವರು ಬರೆದು ಓದಬೇಕು, ಬಾಯಲ್ಲಿ ಹೇಳಿ ಮುಗಿಸುವಂತಿಲ್ಲ. ಕನ್ನಡದಲ್ಲಿ ಮಾಡಿದರೆ ಪದ ಸಿಗಲ್ಲ ಅನ್ನೋ ಭಯ ಬೇಡ. ನಮ್ಮ ತಾಲ್ಲೂಕು ಕೋರ್ಟುಗಳಲ್ಲಿ ಸಾಕ್ಷಿಗಳು ದಿನವೂ ಕನ್ನಡದಲ್ಲೇ ಹೇಳಿಕೆ ಕೊಡ್ತಾರೆ. ಇಂಗ್ಲಿಷ್ ಮೀಡಿಯಂನ ನಮಗೆ 'ಪಾಟೀ ಸವಾಲು' ಹೊಸ ಪದವಾಗಿತ್ತು. ಈಗ ಲ್ಯಾಬ್ ವೈವಾಕ್ಕೂ ಅದೇ ಹೆಸರು ಬಿದ್ದಿದೆ.

ಮೀಮ್ ಹಾಕಿದ ಹುಡುಗನ ಪಾತ್ರಕ್ಕೆ ಕೊನೆಗೆ ಆ ಎನ್‌ಸಿಸಿ ಗೆಳೆಯನೇ ಕೈ ಎತ್ತಿದ್ದಾನೆ. ಸ್ಕ್ರೀನ್‌ಶಾಟ್ ಕೊಟ್ಟವರ ಪಾತ್ರಕ್ಕೆ ಇನ್ನೂ ಯಾರೂ ಸಿಕ್ಕಿಲ್ಲ. ಇಂಟರ್ನಲ್ಸ್ ಮುಗಿದ ನಂತರದ ಶನಿವಾರ, ಮಧ್ಯಾಹ್ನ ಎರಡೂವರೆಗೆ, ಡ್ರಾಯಿಂಗ್ ಹಾಲ್‌ನಲ್ಲಿ.